ಕೂಗಿನ ಉಡಿ

ಭರಣಿ ಮಳೆ ಒಂದು ಹನಿ ಒಡೆಯದೆ ಹೋಗಿ ಕೃತ್ತಿಕೆ ಕೂತಿತ್ತು. ಎರೆಹೊಲಗಳು ರಂಟೆ ಹೊಡೆಸಿಕೊಂಡು ಬಿಸಿಲಿಗೆ ಮೈಯೊಡ್ಡಿ ಬಿದ್ದಿದ್ದವು. ರೋಹಿಣಿ ಬರುವುದರೊಳಗೆ ಹಗೇವು ತೆಗೆದು, ಬೇಕಾದಷ್ಟು ಜೋಳ ಮನೆಗೆ ಹೊತ್ತು, ಉಳಿದದ್ದರ ಮೇಲೆ ಮತ್ತೆ ಕಲ್ಲು ಮುಚ್ಚಬೇಕು. ಒಮ್ಮೆ ಮಳೆ ಹತ್ತಿತೆಂದರೆ ನೆಲದೊಳಗಿನ ಕಣಜದ ಬಾಯಿ ಬಿಚ್ಚುವಂತಿಲ್ಲ. ಹೀಗಾಗಿ ಊರ ಅಗಸೆಬಾಗಿಲ ಹೊರಗಿನ ಗರಸು ದಿಬ್ಬದ ಮೇಲೆ ಬೆಳಗಾದರೆ ಸಲಿಕೆಯ ಸದ್ದು, ಬುಟ್ಟಿ ಹೊತ್ತ ಹೆಂಗಸರ ಸಾಲು, ಬಂಡಿ ಹೂಡಿಸಿಕೊಂಡು ನಿಂತ ಎತ್ತುಗಳ ಕೊರಳ ಗಂಟೆ.

ಯಲಬುರ್ಗಾದಿಂದ ಗಜೇಂದ್ರಗಡಕ್ಕೆ ಹೋಗುವ ಬಂಡಿದಾರಿಯ ಮೇಲಿನ ಊರು ಅದು. ಪಡುವಣಕ್ಕೆ ಹಳ್ಳ ದಾಟಿದರೆ ಇಂಗ್ರೇಜಿ ಸೀಮೆ. ಈಚೆಯದೆಲ್ಲ ಮೊಗಲಾಯಿ, ನಿಜಾಮನ ರಾಜ್ಯ. ದೊಡ್ಡ ಯುದ್ಧ ಮುಗಿದು ಇದು ಎರಡನೆಯ ಬೇಸಿಗೆ. ಸರಕಾರ ಕಾಳು ಅಳೆದುಕೊಂಡು ಹೋಗುವ ಲೆವಿಯ ಕಾಟ ಇನ್ನೂ ಪೂರಾ ತಪ್ಪಿರಲಿಲ್ಲವಾದರೂ ಜನ ಹಗಲಿನಲ್ಲೇ ಹಗೇವು ತೆಗೆಯುವಷ್ಟು ಧೈರ್ಯ ತಂದುಕೊಂಡಿದ್ದರು.

ಕಳಕಮ್ಮ ಆವತ್ತು ಎಲ್ಲರಿಗಿಂತ ಮೊದಲೇ ದಿಬ್ಬಕ್ಕೆ ಬಂದು ತನ್ನ ದೊಡ್ಡಪ್ಪನ ಮಗ ದೊಡ್ಡಬಸಪ್ಪನ ಹಗೇವಿನ ಪಕ್ಕ ಚಪ್ಪಡಿಯ ಮೇಲೆ ಕೂತಿದ್ದಳು. ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಒಂದು ಹಳೆ ಅರಿವೆಯ ಗಂಟು. ಆಚೆ ಮದಾರಸಾಬ ಪುಂಡಿನಾರಿನ ಹಗ್ಗವನ್ನು ಮೊಳ ಮೊಳ ಜಗ್ಗಿ ಪರೀಕ್ಷೆ ಮಾಡುತ್ತಿದ್ದ. ಹಗ್ಗ ಹೊಸೆಯುವುದು ಅವನ ಮನೆತನದ ಕಸುಬು. ಊರಿನ ಯಾವ ಹಗೇವಿಗೆ ಯಾರು ಇಳಿದರೂ ಹಗ್ಗದ ತುದಿ ಅವನ ಕೈಯಲ್ಲಿರುತ್ತಿತ್ತು. ಹಾಗೆಯೇ ಯಾರು ಇಳಿದರೂ ಬಾಯಿಯಲ್ಲಿ ಕೂತು ಕೂಗುವವಳು ಕಳಕಮ್ಮ.

ಹಗೇವಿಗೆ ಇಳಿಯುವುದು ಹುಡುಗಾಟದ ಮಾತಲ್ಲ. ಬಾಯಿ ಸಣ್ಣದು, ಗಂಡಸು ಕೈ ಮೇಲೆತ್ತಿಕೊಂಡರೆ ಮಾತ್ರ ತೂರಬಹುದು, ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಕಾಳು ಒಳಗೇ ಬೆವರಿ ಝಳ ಬಿಡುತ್ತದೆ. ಆ ಝಳಕ್ಕೆ ಬಣ್ಣವಿಲ್ಲ, ಹೊಗೆಯಿಲ್ಲ. ಬಡಿದರೆ ನಿದ್ದೆ ಬಂದಂತಾಗಿ ಕಾಲು ಮಡಚುತ್ತದೆ, ಅಷ್ಟೇ. ಅದಕ್ಕೇ ಬೆಳಗಿನಲ್ಲಿ ಕಲ್ಲು ಸರಿಸಿ, ಹೊತ್ತೇರುವ ತನಕ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ನೋಡಿ, ಸೊಂಟಕ್ಕೆ ಹಗ್ಗ ಬಿಗಿದ ಮೇಲೇ ಆಳು ಇಳಿಯುವುದು. ಇಳಿದ ಮೇಲೂ ಅವನನ್ನು ಮಾತಾಡಿಸುತ್ತಲೇ ಇರಬೇಕು. ಬರೀ ಹೆಸರು ಹಿಡಿದು ಕರೆಯುತ್ತ ಕೂತರೆ ಕರೆಯುವವರಿಗೂ ಬೇಸರ, ಓಗೊಡುವವನಿಗೂ ಬೇಸರ. ಆದ್ದರಿಂದ ಕಥೆ ಹೇಳುತ್ತಾರೆ. ಒಳಗಿದ್ದವನು ಜೋಳ ತುಂಬುತ್ತ ಮಾತು ಮಾತಿಗೆ ಹೂಂಗುಟ್ಟಬೇಕು. ಹೂಂ ಬಂತೆಂದರೆ ಆಳು ಗಟ್ಟಿ, ತಡವಾಯಿತೆಂದರೆ ಹಗ್ಗ ಎಳೆಯಬೇಕು. ಎಳೆ ಎಂದು ಹೇಳುವವರು ಕೂಗುವವರೇ. ಒಳಗಿದ್ದವನ ಮಾತು ಅಲ್ಲಿ ನಡೆಯುವುದಿಲ್ಲ. ಕತ್ತಲಿಗೆ ಅಂಜಿ ಸುಮ್ಮಸುಮ್ಮನೆ ಬೊಬ್ಬೆ ಹಾಕುವವರು ಇರುತ್ತಾರೆ, ಝಳ ತಲೆಗೇರಿ ನಾನು ಆರಾಮಿದ್ದೇನೆ ಎಂದು ನಗುತ್ತ ಸತ್ತವರೂ ಇದ್ದಾರೆ. ಕೆಲಸ ಮುಗಿದ ಮೇಲೆ ಕೂಗಿದವರಿಗೆ ಮೊದಲ ಬುಟ್ಟಿಯಿಂದ ಉಡಿ ತುಂಬ ಜೋಳ ಕೊಡಬೇಕು. ಅದಕ್ಕೆ ಕೂಗಿನ ಉಡಿ ಎನ್ನುತ್ತಾರೆ. ಅದನ್ನು ಉಡಿಯೊಡ್ಡಿ ತೆಗೆದುಕೊಂಡರೆ ಇಳಿದವನಿಗೂ ಕೂಗಿದವರಿಗೂ ನಡುವಿನ ಋಣ ಅಲ್ಲಿಗೆ ತೀರಿದಂತೆ.

ಕಳಕಮ್ಮ ಈ ಕೂಗು ಕಲಿತದ್ದು ತಮ್ಮ ಕೊಟ್ರಪ್ಪನ ಸಲುವಾಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ಅವನು ಇನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ತಾಯಿ ಬಾಣಂತಿ ರೋಗದಲ್ಲಿ ಹೋಗಿದ್ದಳು. ದೊಡ್ಡಬಸಪ್ಪನ ತಾಯಿ ಹುಲಿಗವ್ವ ಮೊಲೆ ಕೊಟ್ಟಳು, ಕಳಕಮ್ಮ ಸೊಂಟ ಕೊಟ್ಟಳು. ಹಾಗೆ ಬೆಳೆದ ಹುಡುಗ ಮೀಸೆ ಮೂಡುವ ಮೊದಲೇ ಊರಿನ ಹಗೇವುಗಳಿಗೆಲ್ಲ ಇಳಿಯತೊಡಗಿದ. ಅಕ್ಕ ಮೇಲೆ ಕೂತರೆ ಮಾತ್ರ ಇಳಿಯುತ್ತಿದ್ದ. ಅವಳ ಕಥೆಯ ನಡುವೆ ಒಳಗಿನಿಂದಲೇ ಕೊಸರು ಸೇರಿಸುತ್ತಿದ್ದ. ಅಕ್ಕತಮ್ಮರ ಈ ಜುಗಲಬಂದಿ ಕೇಳಲಿಕ್ಕೆಂದೇ ಕೆಲಸವಿಲ್ಲದವರೂ ದಿಬ್ಬ ಹತ್ತುತ್ತಿದ್ದರು.

ಅವನು ಸತ್ತು ಮೂರು ವರ್ಷವಾಗಿತ್ತು. ಸತ್ತದ್ದು ಇದೇ ಹಗೇವಿನಲ್ಲಿ. ಅಕ್ಕ ಕೂಗದೆ ಅವನು ಒಳಗಿಳಿದದ್ದು ಅದೊಂದೇ ಸಲ.

ಸುಂಕ ತಪ್ಪಿಸಿ ಅರಿವೆ ಸಾಗಿಸಿದನೆಂದು ಗಡಿ ನಾಕಾದ ಸವಾರರು ಕೊಟ್ರಪ್ಪನನ್ನು ಹುಡುಕಿಕೊಂಡು ಬಂದ ದಿನ ಕಳಕಮ್ಮ ಕುಷ್ಟಗಿ ಸಂತೆಗೆ ಹೋಗಿದ್ದಳು. ಮರುದಿನ ಮಧ್ಯಾಹ್ನ ತಿರುಗಿ ಬರುವ ಹೊತ್ತಿಗೆ ಅವನನ್ನು ಮೇಲೆ ತೆಗೆದು ಮಲಗಿಸಿದ್ದರು. ದೊಡ್ಡಬಸಪ್ಪ ನೆಲಕ್ಕೆ ಹಣೆ ಚಚ್ಚಿಕೊಂಡು ಅಳುತ್ತಿದ್ದ. ಸವಾರರು ಬಂದರು, ನನ್ನ ಹಗೇವು ಖಾಲಿಯಿತ್ತು, ಅಡಗಿಕೋ ತಮ್ಮಾ ಅಂದೆ, ಉಸಿರಾಡಲಿ ಅಂತ ಕಲ್ಲಿನ ಕೆಳಗೆ ಹುಲ್ಲಿನ ಸಿಂಬೆ ಇಟ್ಟು ಸಂದಿ ಬಿಟ್ಟಿದ್ದೆ, ಸವಾರರು ಊರಲ್ಲೇ ವಸ್ತಿ ಮಾಡಿದರು, ಬೆಳಗ್ಗೆ ಹೋಗಿ ನೋಡಿದರೆ ಝಳ ಬಡಿದಿದೆ, ಎಂದು ಹಾಡಿ ಹಾಡಿ ಹೇಳಿದ. ಹಗೇವಿನ ಝಳ ಎಂದರೆ ಆ ಊರಿನಲ್ಲಿ ಯಾರೂ ಎರಡನೇ ಮಾತು ಕೇಳುವುದಿಲ್ಲ.

ಕಳಕಮ್ಮನೂ ಕೇಳಲಿಲ್ಲ. ಅವಳು ನೋಡಿದಳು. ತನ್ನನ್ನು ಸಂತೈಸಲು ಬಂದ ದೊಡ್ಡಬಸಪ್ಪನ ಕೈಬೆರಳ ಸಂದಿಯಲ್ಲಿ ಬೂದಿ ಕಲಸಿದ ಕೆಸರು ಒಣಗಿ ಬೆಳ್ಳಗಾಗಿತ್ತು. ಆ ಕೆಸರು ಒಂದೇ ಕೆಲಸಕ್ಕೆ ಬರುವುದು: ಕಾಳು ತುಂಬಿದ ಹಗೇವಿನ ಕಲ್ಲಿನ ಸುತ್ತ ಗಾಳಿಯಾಡದಂತೆ ಮೆತ್ತಲಿಕ್ಕೆ. ಸಂಜೆ ಮಣ್ಣು ಮಾಡಿ ಬಂದ ಮೇಲೆ ಅವಳು ಒಬ್ಬಳೇ ದಿಬ್ಬಕ್ಕೆ ಹೋದಳು. ಹುಲ್ಲಿನ ಸಿಂಬೆ ಎಲ್ಲೂ ಇರಲಿಲ್ಲ. ಪಕ್ಕದ ಜಾಲಿ ಗಿಡದ ಬುಡದಲ್ಲಿ ಒಡೆದು ಬಿಸಾಕಿದ ಮೆತ್ತುಗೆಸರಿನ ಹೆಂಟೆಗಳು ಬಿದ್ದಿದ್ದವು. ಒಂದು ಹೆಂಟೆಯ ಮೇಲೆ ಅಂಗೈ ಒತ್ತಿದ ಗುರುತಿತ್ತು. ನಾಲ್ಕು ಬೆರಳು ಉದ್ದ, ತೋರುಬೆರಳು ಅರ್ಧ. ದೊಡ್ಡಬಸಪ್ಪನ ಬಲಗೈ ತೋರುಬೆರಳಿನ ತುದಿ ಸುಗ್ಗಿಯಲ್ಲಿ ಕುಡುಗೋಲಿಗೆ ಹೋದದ್ದು ಊರಿಗೆಲ್ಲ ಗೊತ್ತು. ಅವಳು ಆ ಹೆಂಟೆಯನ್ನು ಸೆರಗಿನಲ್ಲಿ ಸುತ್ತಿ ತಂದು ಒಲೆಯ ಮೇಲಿನ ಗೂಡಿನಲ್ಲಿಟ್ಟಳು.

ಯಾರ ಮುಂದೆ ಹೇಳುವುದು? ಹಿರಿಯರು ದೊಡ್ಡಬಸಪ್ಪನ ಪಡಸಾಲೆಯಲ್ಲಿ ಎಲೆಯಡಿಕೆ ಹಾಕುವವರು. ಯಲಬುರ್ಗಾದ ಕಚೇರಿಯವರಿಗೆ ಕೊಟ್ರಪ್ಪ ಸತ್ತದ್ದೇ ಒಳ್ಳೆಯದಾಗಿತ್ತು. ಹೆಂಟೆ ತೋರಿಸಿದರೆ, ಹೆಣ ತೆಗೆದ ಮೇಲೆ ಮತ್ತೊಮ್ಮೆ ಮುಚ್ಚಿದಾಗಿನ ಗುರುತು ಅದು, ಎಂದುಬಿಡುತ್ತಾನೆ. ಹೆಣ್ಣುಹೆಂಗಸು, ದುಃಖದಲ್ಲಿ ಏನೋ ಅನ್ನುತ್ತಾಳೆ ಎಂದು ಊರು ಅವನ ಕಡೆಗೇ ವಾಲುತ್ತದೆ. ಈ ಮಾತು ಅವನ ಬಾಯಿಯಿಂದಲೇ ಬರಬೇಕು ಎಂದು ಅವಳು ನಿಶ್ಚಯಿಸಿದಳು. ನಿಶ್ಚಯಿಸಿದ ಮೇಲೆ ಅವಸರ ಮಾಡಲಿಲ್ಲ. ಹಬ್ಬಕ್ಕೆ ಕರೆದರೆ ಅವನ ಮನೆಗೆ ಹೋದಳು, ಬಡಿಸಿದ ಹೋಳಿಗೆ ತಿಂದಳು, ಹುಲಿಗವ್ವನ ತಲೆಗೆ ಎಣ್ಣೆ ಹಚ್ಚಿದಳು. ಕಾಳು ಆರಿಸುವ ಹೆಂಗಸರ ನಡುವೆ, ಬಾವಿಕಟ್ಟೆಯಲ್ಲಿ, ಆಗೊಮ್ಮೆ ಈಗೊಮ್ಮೆ ಒಂದೇ ಮಾತು ಬಿಡುತ್ತ ಬಂದಳು: ಆಳು ಸತ್ತ ಹಗೇವು ಮೊದಲು ಯಜಮಾನನನ್ನೇ ಕೇಳತೈತಿ. ಇದನ್ನು ಯಾರು ಹೇಳಿದ್ದು ಎಂದು ಯಾರಿಗೂ ನೆನಪಿರಲಿಲ್ಲ. ಹಿಂದಿನಿಂದ ಬಂದ ಮಾತು ಎಂದುಕೊಂಡರು.

ಹೋದ ವರ್ಷ ಬೆಳೆ ಚೆನ್ನಾಗಿ ಬಂದು ದೊಡ್ಡಬಸಪ್ಪ ಆ ಹಗೇವನ್ನು ಮತ್ತೆ ಅರ್ಧದಷ್ಟು ತುಂಬಿಸಿದ್ದ. ಈಗ ಮಗಳ ಲಗ್ನ, ಹಿಟ್ನಾಳದ ಕಡೆಯ ಬೀಗರು, ಜೋಳ ಬೇಕು. ಆದರೆ ಆಳುಗಳು ಬಾಯಿಯಲ್ಲಿ ನಿಂತು ಕೆಳಗೆ ನೋಡಿ ಕೈ ಜೋಡಿಸಿದರು. ಮೊದಲು ನೀವು ಇಳಿದು ಒಂದು ಬುಟ್ಟಿ ತುಂಬಿ ಕೊಡ್ರಿ ಧಣೇರ, ಆಮೇಲೆ ನಾವು ಬೇಕಾದಷ್ಟು ಇಳಿತೀವಿ ಅಂದರು. ಅಂಜಿದ ಅನಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಕೂಗಲಿಕ್ಕೆ ಯಾರು ಎಂಬ ಮಾತೇ ಏಳಲಿಲ್ಲ. ಊರಿನಲ್ಲಿ ಕೂಗುವಾಕೆ ಒಬ್ಬಳೇ.

ಹೊತ್ತೇರಿತು. ಮದಾರಸಾಬ ಬುಟ್ಟಿಯಲ್ಲಿ ಹಣತೆ ಇಟ್ಟು ಇಳಿಬಿಟ್ಟ. ಉರಿ ಅಲುಗದೆ ನಿಂತಿತು. ದೊಡ್ಡಬಸಪ್ಪ ರುಮಾಲು ಬಿಚ್ಚಿ ತಾಯಿಯ ಕೈಗೆ ಕೊಟ್ಟ. ಹುಲಿಗವ್ವ ಕಣ್ಣು ಮಂಜಾದ ಮುದುಕಿ. ಮಗ ಇಳಿಯುತ್ತಾನೆಂದು ಕೇಳಿ ಕೋಲೂರಿಕೊಂಡು ದಿಬ್ಬದ ತನಕ ಬಂದಿದ್ದಳು. ಸೊಂಟಕ್ಕೆ ಹಗ್ಗ ಬಿಗಿಸಿಕೊಳ್ಳುತ್ತ ಅವನು ನಗೆಯಾಡಿದ.

"ಸಾಬಾ, ಹಗ್ಗ ಗಟ್ಟಿ ಐತೇನಲೇ? ಬೀಗರು ನನ್ನ ತೂಕ ನೋಡೇ ಹೆಣ್ಣು ಒಪ್ಯಾರ."

"ಹಗ್ಗಕ್ಕೇನಾಗೂದಿಲ್ಲರಿ ಗೌಡ್ರ. ಹಗೇವಿನ ಬಾಯಿಗೆ ನಿಮ್ಮ ಹೊಟ್ಟಿ ಹಿಡಸ್ತದೋ ಇಲ್ಲೋ ನೋಡ್ರಿ," ಎಂದ ಮದಾರಸಾಬ. ಆಳುಗಳು ನಕ್ಕರು.

"ಯಾವ ಕಥಿ ಹೇಳ್ಲೋ ಬಸಣ್ಣ?" ಕಳಕಮ್ಮ ಕೇಳಿದಳು.

"ಯಾವುದರ ಹೇಳಕ್ಕ. ನಿದ್ದಿ ಬರದಂಥಾದ್ದು ಹೇಳು."

ಅವನು ಕೈ ಮೇಲೆತ್ತಿಕೊಂಡು ಬಾಯಿಯಲ್ಲಿ ತೂರಿ ಇಳಿದ. ಹಗ್ಗ ಓಡಿತು, ಓಡಿತು, ನಿಂತಿತು. ಕೆಳಗಿನಿಂದ ಜೋಳದ ಮೇಲೆ ಕಾಲೂರಿದ ಸದ್ದು ಬಂತು. ಕಳಕಮ್ಮ ಚಪ್ಪಡಿಯಿಂದ ಇಳಿದು ಬಾಯಿಯ ಅಂಚಿಗೆ ಕೂತಳು. ಹಣತೆಯ ಬೆಳಕಿನಲ್ಲಿ ಅವನ ಬೋಳು ನೆತ್ತಿ ಕಾಣುತ್ತಿತ್ತು.

"ಒಂದು ಊರಾಗ ಒಬ್ಬ ಇದ್ದ," ಎಂದಳು.

"ಹೂಂ."

"ಅವಗ ತಂದಿ ಇಲ್ಲ, ತಾಯಿ ಇಲ್ಲ. ಅಕ್ಕ ಒಬ್ಬಾಕಿ. ದೊಡ್ಡಪ್ಪನ ಮಗ ಅಣ್ಣ ಒಬ್ಬ."

"ಹೂಂ."

ಅವಳು ಹೇಳತೊಡಗಿದಳು. ಮೊದಲಿಗೆ ಯಾರಿಗೂ ಅದು ಯಾರ ಕಥೆಯೆಂದು ಹೊಳೆಯಲಿಲ್ಲ. ಹೊಳೆದ ಮೇಲೆ ಬುಟ್ಟಿ ಹೊರುವ ಹೆಂಗಸರು ಬುಟ್ಟಿ ಇಳಿಸಿ ಹತ್ತಿರ ಸರಿದರು. ಅಕ್ಕಪಕ್ಕದ ಹಗೇವುಗಳ ಕೆಲಸವೂ ತಾನಾಗಿ ನಿಂತಿತು. ಕೊಟ್ರಪ್ಪನ ಕಥೆ ಹೇಳಬೇಕೆಂದರೆ ಹೇಳುವವರಿಗೂ ಬಾಯಿ ಸಾಲದು, ಕೇಳುವವರಿಗೂ ಕಿವಿ ಸಾಲದು. ಆದರೆ ಅವನು ಸತ್ತಾಗಿನಿಂದ ಅವನ ಅಕ್ಕನ ಬಾಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಹುಲಿಗಿಯಲ್ಲಿ ತುಂಗಭದ್ರೆ ದಡ ಮೀರಿ ಹರಿಯುವಾಗ, ಹರಿಗೋಲಿನವರು ಕೈಚೆಲ್ಲಿ ಕೂತಿದ್ದಾಗ, ಎತ್ತಿನ ಬಾಲ ಹಿಡಿದು ಆಚೆ ದಡ ಮುಟ್ಟಿದ್ದನ್ನು ಹೇಳಿದಳು. ಯಾಕೆ ಹೋಗಿದ್ದೆಯೋ ಎಂದರೆ, ಹೊಸಪೇಟೆಯ ಬಾಳೆಹಣ್ಣು ಹೇಗಿರುತ್ತದೆ ಎಂದು ಮದಾರಸಾಬನ ಬಸುರಿ ಹೆಂಡತಿ ರಾಜಾಬೀ ಕೇಳಿದ್ದಳಂತೆ, ಅದಕ್ಕೆ. ತಿರುಗಿ ಬಂದಾಗ ಗೊನೆಯಲ್ಲಿ ಉಳಿದದ್ದು ಮೂರೇ ಹಣ್ಣು. ಉಳಿದದ್ದನ್ನು ಎತ್ತು ತಿಂದಿತ್ತು. ಹಗ್ಗ ಹಿಡಿದ ಮದಾರಸಾಬ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ.

ಆಮೇಲೆ ಗಜೇಂದ್ರಗಡದ ಸೀರೆಯ ಕಥೆ. ಆಚೆ ಸೀಮೆಯಿಂದ ಅರಿವೆ ತಂದರೆ ನಾಕಾದಲ್ಲಿ ಸುಂಕ ಕಟ್ಟಬೇಕು. ಮೈಮೇಲೆ ಉಟ್ಟದ್ದಕ್ಕೆ ಸುಂಕವಿಲ್ಲ. ಕೊಟ್ರಪ್ಪ ಊರಿನ ಅರ್ಧ ಮಂದಿಯನ್ನು ದಿಬ್ಬಣದ ಹೆಸರಿನಲ್ಲಿ ಕರೆದುಕೊಂಡು ಹೋಗಿ, ಗಂಡಸರಿಗೆ ಧೋತರದ ಮೇಲೆ ಧೋತರ, ಹೆಂಗಸರಿಗೆ ಸೀರೆಯ ಮೇಲೆ ಸೀರೆ ಉಡಿಸಿ, ವೈಶಾಖದ ಬಿಸಿಲಿನಲ್ಲಿ ಹಳ್ಳ ದಾಟಿಸಿದ. ನಾಕಾದ ಜಮಾದಾರ ಕಣ್ಣು ಬಿಟ್ಟು ನೋಡುತ್ತ, ಈ ಊರಿನವರು ಏನು ತಿಂದು ಹೀಗೆ ಊದಿಕೊಳ್ಳುತ್ತಾರೆ ಎಂದು ಕೇಳಿದನಂತೆ. ನವಣಕ್ಕಿ ಅನ್ನ ಹುಜೂರ, ಎಂದು ಕೊಟ್ರಪ್ಪ ಸಲಾಮು ಹೊಡೆದನಂತೆ.

ದಿಬ್ಬದ ಮೇಲೆ ನಗೆ ಎದ್ದಿತು. ಒಳಗಿನಿಂದಲೂ ನಗೆ ಕೇಳಿಸಿತು. ಮೊದಲ ಬುಟ್ಟಿ ತುಂಬಿ ಮೇಲೆ ಬಂತು. ಅದನ್ನು ಪದ್ಧತಿಯಂತೆ ಕಳಕಮ್ಮನ ಪಕ್ಕ ಇಟ್ಟರು.

"ನಾಕಾ ದಾಟಿದ ಮ್ಯಾಲೆ ಆ ಅಣ್ಣ ಸೆಕಿಗೆ ತಲಿ ತಿರುಗಿ ಬಿದ್ದ," ಅವಳು ಹೇಳಿದಳು. "ನಾಕು ಧೋತರ ಉಟ್ಟ ಆ ದೇಹಾನ್ನ ತಮ್ಮ ಹೆಗಲ ಮ್ಯಾಲೆ ಹೊತ್ಕೊಂಡು ಮನಿ ಮುಟ್ಟಿಸಿದ. ದಾರ್ಯಾಗ ನೀರು ಸಿಗಲಿಲ್ಲ. ಕಲ್ಲಂಗಡಿ ಒಡದು ಅವನ ಬಾಯಾಗ ಹಿಂಡಿದ."

"ಹೂಂ," ಎಂದ ದೊಡ್ಡಬಸಪ್ಪ. ಈ ಹೂಂ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಆದರೂ ಅದರಲ್ಲಿ ಸುಳ್ಳಿರಲಿಲ್ಲ.

ಕಳಕಮ್ಮ ದನಿ ಎತ್ತಲಿಲ್ಲ, ಇಳಿಸಲಿಲ್ಲ. ಬೀಸುಕಲ್ಲು ತಿರುಗಿದ ಹಾಗೆ ಒಂದೇ ಸಮನೆ ಹೇಳುತ್ತ ಹೋದಳು. ಯುದ್ಧ ಬಂತು, ಲೆವಿ ಬಂತು, ಕಣದಿಂದಲೇ ಜೋಳ ಅಳೆದುಕೊಂಡು ಹೋದರು. ಊರಿನಲ್ಲಿ ಅಂಬಲಿಗೂ ಕಾಳಿಲ್ಲದೆ ಮಕ್ಕಳು ಹುಣಸೆ ಬೀಜ ಹುರಿದು ತಿನ್ನತೊಡಗಿದವು. ಆ ಅಣ್ಣನ ಹಗೇವು ಮಾತ್ರ ಕಂಠಮಟ ತುಂಬಿತ್ತು. ಲೆವಿಯವರಿಗೆ ಗೊತ್ತಾಗದಂತೆ ಬಚ್ಚಿಟ್ಟದ್ದು. ದರ ಏರಲಿ ಎಂದು ಕಾಯುತ್ತಿದ್ದ. ತಮ್ಮ ಕೇಳಿದ, ಅಣ್ಣ ಇಲ್ಲ ಅಂದ. ಒಂದು ಅಮಾವಾಸ್ಯೆ ಅಕ್ಕತಮ್ಮ ಇಬ್ಬರೂ ಕೂಡಿ ಆ ಹಗೇವು ತೆಗೆದರು. ಅಕ್ಕ ಪಿಸುಮಾತಿನಲ್ಲಿ ಕಥೆ ಹೇಳಿದಳು, ತಮ್ಮ ಪಿಸುಮಾತಿನಲ್ಲಿ ಹೂಂ ಅಂದ. ಬೆಳಗಾಗುವ ಹೊತ್ತಿಗೆ ಊರಿನ ಒಂದೊಂದು ಮನೆಯ ಹೊಸ್ತಿಲ ಮೇಲೂ ಜೋಳ ಇತ್ತು.

ಇದನ್ನು ಊರಿನವರು ಇಷ್ಟು ದಿನ ಬಾಯಿಬಿಟ್ಟು ಆಡಿರಲಿಲ್ಲ. ಎಲ್ಲರೂ ಆ ಜೋಳ ತಿಂದವರೇ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಅಣ್ಣ ಫಿರ್ಯಾದಿ ಕೊಡೂ ಹಂಗಿಲ್ಲ. ಕೊಟ್ರ ಲೆವಿಯವರು ಮೊದಲು ಅವನ್ನ ಹಿಡೀತಿದ್ರು. ನುಂಗಿಕೊಂಡ. ಹೌದೋ ಅಲ್ಲೋ?"

ಸ್ವಲ್ಪ ಹೊತ್ತಿನ ಮೇಲೆ ಬಂತು: "ಹೂಂ."

"ನುಂಗಿಕೊಂಡದ್ದು ಜೀರ್ಣ ಆಗಲಿಲ್ಲ."

ಹೂಂ ಬರಲಿಲ್ಲ. ಅದರ ಬದಲು ದೊಡ್ಡಬಸಪ್ಪನ ದನಿ ಬಂತು: "ಸಾಬಾ, ಹಗ್ಗ ಎಳಿ. ಸಾಕು."

ಮದಾರಸಾಬ ಕಳಕಮ್ಮನ ಮುಖ ನೋಡಿದ. ಅವಳು ಬಾಯಿಯಲ್ಲಿ ಬಗ್ಗಿ ನೋಡಿ ಹೇಳಿದಳು, "ದೀಪ ಛಲೋ ಉರಿಯಾಕ ಹತ್ತೇತಿ. ಹೊಸಬ ಅದಾನ, ಅಂಜ್ಯಾನ. ಇನ್ನೊಂದು ಬುಟ್ಟಿ ಇಳಸು ಮದಾರಣ್ಣ." ಹಾಗೆಂದವಳೇ ತೊಡೆಯ ಮೇಲಿನ ಗಂಟು ಬಿಚ್ಚಿ, ಅದರೊಳಗಿದ್ದುದನ್ನು ಖಾಲಿ ಬುಟ್ಟಿಯಲ್ಲಿ ಇಟ್ಟಳು. ಇಡುವಾಗ ಎಲ್ಲರೂ ನೋಡಿದರು. ಒಣಗಿ ಕಲ್ಲಾದ ಬಿಳಿ ಕೆಸರಿನ ಹೆಂಟೆ. ಅದರ ಮೇಲೊಂದು ಅಂಗೈ. ಮದಾರಸಾಬ ಅದನ್ನು ನೋಡಿದ, ಆ ಮೊಂಡು ಬೆರಳನ್ನು ನೋಡಿದ. ಬುಟ್ಟಿ ಇಳಿಬಿಟ್ಟ.

"ಅದನ್ನ ದೀಪಕ್ಕ ಹಿಡದು ನೋಡು. ನಿನ್ನ ಕೈ ಇಟ್ಟು ನೋಡು, ಕೂಡತೈತೇನು."

ಕೆಳಗೆ ಅವನ ಕೈ ಹೆಂಟೆಯನ್ನು ದೀಪದ ಕಡೆ ಒಯ್ದಿತು.

ಅವಳು ಮುಂದುವರಿದಳು. "ಸವಾರರು ಬಂದ್ರು. ಅಣ್ಣ ಅಡಗಿಕೋ ಅಂದ. ತಮ್ಮ ನಂಬಿ ಇಳದ, ಯಾಕಂದ್ರ ಒಂದ ಮಲಿ ಹಾಲು ಇಬ್ಬರೂ ಕುಡದಿದ್ರು. ಅಣ್ಣ ಕಲ್ಲು ಎಳದ. ಸಿಂಬಿ ಇಡಲಿಲ್ಲ. ಬೂದಿ ಕಲಸಿದ, ಮಣ್ಣು ಕಲಸಿದ, ಕಾಳಿಗೆ ಮೆತ್ತಿದಂಗ ಸುತ್ತ ಮೆತ್ತಿದ. ಬಸಣ್ಣ, ಹೂಂ ಅನ್ನು."

ಕೆಳಗೆ ಜೋಳ ಸರಿಯುವ ಸದ್ದಾಯಿತು. ಹುಲಿಗವ್ವ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿವಿಯನ್ನು ಹಗೇವಿನ ಕಡೆ ತಿರುಗಿಸಿದ್ದಳು.

"ಇಲ್ಲ ಅನ್ನೂದಿದ್ರ ಇಲ್ಲ ಅನ್ನು," ಎಂದಳು ಕಳಕಮ್ಮ. "ಮೇಲೆ ನಿಮ್ಮವ್ವ ಕುಂತಾಳ. ಆಕಿ ಕೇಳೂ ಹಂಗ ಅನ್ನು."

ನೆಲದ ಕೆಳಗಿನಿಂದ ಬಂತು. ಸಣ್ಣದಾಗಿ, ಆದರೆ ದಿಬ್ಬದ ಮೇಲಿದ್ದ ಎಲ್ಲರಿಗೂ ಕೇಳುವಂತೆ.

"ಹೂಂ."

ಮೂರು ವರ್ಷ ಕಳಕಮ್ಮ ಈ ಒಂದು ಹೂಂ ಕೇಳಲೆಂದು ಬದುಕಿದ್ದಳು. ಕೇಳಿದ ಮೇಲೆ ಎದೆ ಹಗುರಾಗುತ್ತದೆಂದು ತಿಳಿದಿದ್ದಳು. ಹಗುರಾಗಲಿಲ್ಲ. ಇನ್ನೊಂದನ್ನು ಕೇಳಬೇಕೆನ್ನಿಸಿತು. ಕೇಳಬಾರದಾಗಿತ್ತೋ ಏನೋ.

"ಕಲ್ಲಿನ ಕೆಳಗಿಂದ ಅವ ಕೂಗಿದನೇನು?"

"ಹೂಂ."

"ಏನಂತ ಕೂಗಿದ?"

ಕಥೆಗೆ ಹೂಂ ಅನ್ನುವವನು ಬೇರೆ ಮಾತಾಡುವುದಿಲ್ಲ. ಆದರೆ ದೊಡ್ಡಬಸಪ್ಪ ಆಡಿದ. ನಾಲಿಗೆ ಆಗಲೇ ತೊಡರುತ್ತಿತ್ತು.

"ಅಕ್ಕನ್ನ ಕರಿ ಅಂದ. ಅಕ್ಕ ಕೂಗಿದ್ರ ನನಗ ನಿದ್ದಿ ಬರೂದಿಲ್ಲ, ಅಕ್ಕನ್ನ ಕರಿ, ಅಕ್ಕನ್ನ ಕರಿ ಅಂತ. ಕೋಳಿ ಕೂಗೂ ತನಕ ಅಂತಿದ್ದ. ನಾ ಕಲ್ಲಿನ ಮ್ಯಾಲ ಕುಂತಿದ್ದೆ."

ಕಳಕಮ್ಮ ಬಾಯಿ ತೆರೆದಳು. ಹಗೇವಿನ ಬಾಯಿಯಲ್ಲಿ ಕೂತು ಅವಳ ಕಥೆ ನಿಂತದ್ದು ಅದೇ ಮೊದಲು. ಕುಷ್ಟಗಿ ಸಂತೆಯಲ್ಲಿ ಆ ರಾತ್ರಿ ತಾನು ಛತ್ರದ ಕಟ್ಟೆಯ ಮೇಲೆ ಮಲಗಿ ಸುಖವಾಗಿ ನಿದ್ದೆ ಮಾಡಿದ್ದು ನೆನಪಾಯಿತು. ತಮ್ಮನಿಗೆಂದು ಕೊಂಡಿದ್ದ ರುಮಾಲನ್ನು ತಲೆದಿಂಬು ಮಾಡಿಕೊಂಡಿದ್ದಳು.

ಕಾಳು ಕೆದಕಿದ್ದಕ್ಕೋ ಏನೋ, ಒಳಗೆ ಹಣತೆಯ ಉರಿ ಕುಗ್ಗತೊಡಗಿತು. ನೀಲಿಯಾಯಿತು, ತುದಿ ಬಾಗಿತು. ಮದಾರಸಾಬ ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಕಾಲೂರಿ ನಿಂತ. ಅವನ ಕಣ್ಣು ಅವಳ ಬಾಯಿಯ ಮೇಲೆ. ಒಂದು ಮಾತು ಬಂದರೆ ಎಳೆಯುತ್ತಾನೆ. ಬರದಿದ್ದರೆ ನಿಂತೇ ಇರುತ್ತಾನೆ. ಸುತ್ತ ನಿಂತವರಲ್ಲಿ ಒಬ್ಬರೂ, ಬೇಗ ಹೇಳು, ಅನ್ನಲಿಲ್ಲ. ಹುಲಿಗವ್ವ ಕೂಡ ಅನ್ನಲಿಲ್ಲ.

"ಹೂಂ," ಎಂದ ಕೆಳಗಿನಿಂದ ದೊಡ್ಡಬಸಪ್ಪ.

ಯಾರೂ ಕಥೆ ಹೇಳುತ್ತಿರಲಿಲ್ಲ.

"ಹೂಂ," ಎಂದ ಮತ್ತೆ. ನಿದ್ದೆಗಣ್ಣಿನ ಕೂಸು ಅಂದ ಹಾಗೆ. "ಹೂಂ... ಹೂಂ..."

ಕಳಕಮ್ಮ ಕೇಳುತ್ತ ಕೂತಳು. ಒಂದೊಂದು ಹೂಂ ಹಿಂದಿನದಕ್ಕಿಂತ ದೂರದಿಂದ ಬರುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಕೈಗೆ ಕೆಸರು ಹತ್ತುವುದಿಲ್ಲ. ಝಳ ಬಡಿಯಿತು ಎಂದರೆ ಆ ಊರಿನಲ್ಲಿ ಯಾರೂ ಎರಡನೇ ಮಾತು ಕೇಳುವುದಿಲ್ಲ. ಬರುವ ವರ್ಷ ಇದೇ ಜನ 'ಪಾಪ' ಅನ್ನುತ್ತಾರೆ. ಸತ್ತವನನ್ನು ಪಾಪ ಅನ್ನದೆ ಮತ್ತೇನನ್ನುತ್ತಾರೆ? ಅವನ ಹೂಂ ಅವನ ಜೊತೆಗೇ ಹೋಗುತ್ತದೆ. ಆಮೇಲೆ ಕೊಟ್ರಪ್ಪನ ಕಥೆಯನ್ನು ತಾನು ಹೇಳಿದರೂ ಅದಕ್ಕೆ ಹೂಂಗುಟ್ಟಬೇಕಾದವನು ಇರುವುದಿಲ್ಲ.

"ಎಳಿ," ಎಂದಳು.

ಮೇಲೆ ಬಂದಾಗ ದೊಡ್ಡಬಸಪ್ಪನ ಮುಖ ಕಪ್ಪಿಟ್ಟಿತ್ತು, ಕಣ್ಣು ಮೇಲಕ್ಕೆ ಸಿಕ್ಕಿದ್ದವು. ಮದಾರಸಾಬ ಬೆನ್ನ ಮೇಲೆ ಗುದ್ದಿ, ಮುಖಕ್ಕೆ ನೀರು ಹೊಡೆದ. ಉಸಿರು ತಿರುಗಿತು. ಆಳುಗಳು ತಮ್ಮ ಬುಟ್ಟಿ ಸಲಿಕೆ ಎತ್ತಿಕೊಂಡು ಒಬ್ಬೊಬ್ಬರಾಗಿ ದಿಬ್ಬ ಇಳಿದರು. ಅವನು ಇಳಿದರೆ ತಾವೂ ಇಳಿಯುತ್ತೇವೆಂದ ಮಾತನ್ನು ಯಾರೂ ನೆನೆಸಲಿಲ್ಲ. ಜೋಳ ಹೇರಲೆಂದು ಬಂದ ಬಂಡಿಗಳು ಖಾಲಿ ತಿರುಗಿದವು. ಮದಾರಸಾಬ ತನ್ನ ಹಗ್ಗ ಬಿಚ್ಚಿ, ಮಣ್ಣು ಕೊಡವಿ, ಹೆಗಲಿಗೆ ಹಾಕಿಕೊಂಡು ಹೊರಟ. ಕಳಕಮ್ಮನೂ ಪಕ್ಕದಲ್ಲಿದ್ದ ಮೊದಲ ಬುಟ್ಟಿ ಮುಟ್ಟದೆ ಎದ್ದು ಹೋದಳು. ನೆಲದ ಮೇಲೆ ಮಲಗಿದ್ದ ಮಗನ ಪಕ್ಕ ಹುಲಿಗವ್ವ ಒಬ್ಬಳೇ ಉಳಿದಳು. ರುಮಾಲು ಇನ್ನೂ ಅವಳ ಕೈಯಲ್ಲೇ ಇತ್ತು.

ಮಗಳ ಲಗ್ನವೇನೋ ಆಯಿತು, ಕೊಂಡುತಂದ ಜೋಳದಲ್ಲಿ. ಊರಿನವರು ಅಕ್ಷತೆ ಹಾಕಿ ಉಣ್ಣದೆ ಎದ್ದು ಬಂದರು. ದೊಡ್ಡಬಸಪ್ಪನಿಗೆ ಯಾರೂ ಕೈ ಮಾಡಲಿಲ್ಲ, ಬಯ್ಯಲಿಲ್ಲ. ಆದರೆ ಕಟ್ಟೆಯ ಮೇಲೆ ಅವನು ಮಳೆಯ ಮಾತು ತೆಗೆದರೂ ಬಿತ್ತುವ ಮಾತು ತೆಗೆದರೂ ಕೂತವರು ಅವನು ಮುಗಿಸುವ ತನಕ ನೆಲ ನೋಡುತ್ತಿದ್ದರು. ಹೂಂ ಅನ್ನುವವರು ಒಬ್ಬರಿರಲಿಲ್ಲ. ಕೆಲವು ದಿನ ತನ್ನ ಮಾತಿಗೆ ತಾನೇ ಹೂಂ ಅಂದುಕೊಳ್ಳುತ್ತಿದ್ದ. ಆಮೇಲೆ ಕಟ್ಟೆಗೆ ಬರುವುದನ್ನೇ ಬಿಟ್ಟ.

ರೋಹಿಣಿಯ ಮೊದಲ ಮೋಡ ಕಟ್ಟಿದ ದಿನ ಹುಲಿಗವ್ವ ಕಳಕಮ್ಮನ ಬಾಗಿಲಿಗೆ ಬಂದಳು. ಸೆರಗಿನ ತುಂಬ ಜೋಳ. ಹಗೇವಿನ ಬಾಯಿಯಲ್ಲಿ ಉಳಿದುಹೋಗಿದ್ದ ಆ ಮೊದಲ ಬುಟ್ಟಿಯದು. ಕಳಕಮ್ಮ ಒಳಗೆ ಕರೆದಳು. ಮುದುಕಿ ಹೊಸ್ತಿಲ ಈಚೆಯೇ ನಿಂತಳು.

"ನಿನ್ನ ಕೂಗಿನ ಉಡಿ. ಒಡ್ಡು ನನ ಕಂದ. ಇದನ್ನ ತಗೊಂಡ್ರ ಮುಗೀತು."

"ಮುಗೀಬಾರದು ಅಂತನ ಬಿಟ್ಟು ಬಂದೀನಿ ದೊಡ್ಡವ್ವ."

"ನಾ ಇಬ್ಬರಿಗೂ ಮಲಿ ಕೊಟ್ಟಾಕಿ," ಎಂದಳು ಹುಲಿಗವ್ವ. "ಅವನ್ನ ಎಳಿಸಿದಿಯಲ್ಲ, ಅಷ್ಟರ ಕರುಣಿ ನಿನಗೈತಿ ಅಂದ್ಕೊಂಡು ಬಂದೆ."

ಕಳಕಮ್ಮ ಮುದುಕಿಯ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ಒಳಗಿನಿಂದ ನೀರು ತಂದು ಕುಡಿಸಿದಳು. ಬಿಸಿಲಿಗೆ ಕೆಂಡವಾಗಿದ್ದ ಅವಳ ಪಾದಕ್ಕೂ ನೀರು ಹನಿಸಿದಳು. ಆಮೇಲೆ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಕೂಸಿಗೆ ತಿಳಿಹೇಳುವ ದನಿಯಲ್ಲಿ ಹೇಳಿದಳು:

"ಬರೂ ವರ್ಷ ಮತ್ತ ಹಗೇವು ತಗೀತಾರ. ಯಾರ ಹಗೇವು ತಗದ್ರೂ ಕೂಗಾಕ ನನ್ನ ಕರೀತಾರ. ನಾ ಬ್ಯಾರೆ ಕಥಿ ಮರ್ತೀನಿ ದೊಡ್ಡವ್ವ, ಇದೊಂದ ಹೇಳ್ತೀನಿ. ನಿನ್ನ ಮಗ ಮನ್ಯಾಗ ಕುಂತ ಕೇಳಬೇಕು. ಹೂಂ ಅನ್ನಾಕ ಅವ ಇರಬೇಕು. ಅವನ್ನ ಛಂದಾಗಿ ಜ್ವಾಪಾನ ಮಾಡು. ಹಾಲು ಹಾಕು, ತುಪ್ಪ ಹಾಕು. ಭಾಳ ದಿನ ಬದುಕಲಿ."

ಹುಲಿಗವ್ವ ಎದ್ದಳು. ಸೆರಗು ಬಿಚ್ಚಿ ಜೋಳವನ್ನು ಹೊಸ್ತಿಲ ಮುಂದೆ ಸುರುವಿ, ಹಿಂದೆ ನೋಡದೆ ಕೋಲೂರಿಕೊಂಡು ಓಣಿಯ ತಿರುವಿನಲ್ಲಿ ಮರೆಯಾದಳು.

ಕಳಕಮ್ಮ ಅದನ್ನು ಮುಟ್ಟಲಿಲ್ಲ, ಗುಡಿಸಲೂ ಇಲ್ಲ. ಕೋಳಿಗಳು ಸದ್ದು ಮಾಡುತ್ತ ಓಡಿ ಬಂದವು. ಅವಳು ಬಾಗಿಲಲ್ಲಿ ಕೋಲು ಹಿಡಿದು ಕೂತು, ಮೊದಲ ಹನಿ ಬೀಳುವ ತನಕ, ತನ್ನ ಕೋಳಿಗಳನ್ನೂ ಆ ಕಾಳಿಗೆ ಬಿಡಲಿಲ್ಲ.